ಮಸ್ಕತ್ ಮಾವನ ಕೂತು ಮಾಡುವ ಕೆಲಸ

ನಮ್ಮ ಸೋದರಮಾವನಿಗೆ ಕೂರಲು ಬರುವುದಿಲ್ಲ! ಮೊಣಕಾಲಿಗೇನೂ ಆಗಿಲ್ಲ, ಕುರ್ಚಿಗೂ ಬರವಿಲ್ಲ. ಹದಿನೇಳನೇ ವಯಸ್ಸಿಗೆ ಹರಿಹರದ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು, ಆಮೇಲೆ ಮಸ್ಕತ್ತಿಗೆ ಹೋಗಿ ಅಲ್ಲೂ ಹತ್ತೊಂಬತ್ತು ವರ್ಷ ನಿಂತೇ ಇದ್ದಾರೆ. ಊಟದ ತಟ್ಟೆ ಕೈಗೆ ಬಂದರೆ ಬಾಗಿಲಿಗೆ ಒರಗಿಕೊಳ್ಳುತ್ತಾರೆ. ಅವರ ಮದುವೆಯ ಫೋಟೋದಲ್ಲಿ ಅತ್ತೆ ಒಬ್ಬರೇ ಕೂತಿದ್ದಾರೆ. ಮಾವ ಪಕ್ಕದಲ್ಲಿ ಕಾವಲಿಗೆ ಬಂದವರ ಹಾಗಿದ್ದಾರೆ. ಇಂಥ ಮನುಷ್ಯ ನಲವತ್ತೇಳನೇ ವಯಸ್ಸಿನಲ್ಲಿ, ಈ ಸಲ ರಜೆಗೆ ಬಂದವರೇ, ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯ ನಡುವೆ ನಿಂತುಕೊಂಡು ಘೋಷಿಸಿದರು:

“ಅಕ್ಕ, ನಾ ಇನ್ನು ಕೂತು ಮಾಡೋ ಕೆಲಸ ಹಿಡೀತೀನಿ.”

“ಯಾಕಪ, ನಿಂತಿದ್ದು ಸಾಕಾತೇನು?” ಅಂದಳು ನಮ್ಮವ್ವ.

“ಸಾಕಾತು.”

ವಿಷಯ ಇಷ್ಟೇ. ಲೇತ್ ಬಿಟ್ಟು, ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆಯುವುದು. ಕಂಪನಿ ಇನ್ಯಾವುದೋ ದೇಶದ್ದು, ಮಾವ ಇರುವುದು ಮಸ್ಕತ್ತಿನ ಮನೆಯಲ್ಲೇ. ಅತ್ತೆ ಅಲ್ಲಿ ಶಾಲೆಯ ಟೀಚರು, ಮಗಳು ಒಂಬತ್ತನೇ ಕ್ಲಾಸು; ಪರೀಕ್ಷೆ ಅಂತ ಇಬ್ಬರೂ ಅಲ್ಲೇ ಉಳಿದಿದ್ದರು. ನಕ್ಷೆ ಬರೆಯುವುದನ್ನು ಮಾವ ಎರಡು ವರ್ಷದಿಂದ ಗುಟ್ಟಾಗಿ ಕಲಿಯುತ್ತಿದ್ದರಂತೆ. ನಲವತ್ತು ದಿನದ ರಜೆ ಮುಗಿಯುವುದರೊಳಗೆ ಕೆಲಸ ಸಿಗಬೇಕು. ಸಿಗದಿದ್ದರೆ?

“ಸಿಗದಿದ್ರೆ ಅಂತ ಕೇಳಬ್ಯಾಡ,” ಅಂದರು. ಆ ಮುಖ ನೋಡಿ ನಾನು ನಿಜಕ್ಕೂ ಕೇಳಲಿಲ್ಲ.

ಈ ಸಾಹಸಕ್ಕೆ ಗುರು ನಾನು! ವಿನೋಬನಗರದ ಅಂಗಡಿಯೊಂದರಲ್ಲಿ ಹಗಲು ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ, ಸಂಜೆ ಅದೇ ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಊರಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ಮಾಲೀಕರನ್ನು ಒಂದು ದಿನದ ರಜೆ ಕೇಳುವಾಗ ಮಾತ್ರ ನನ್ನ ಸ್ವಂತ ದನಿ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಭ್ಯಾಸ ಶುರುವಾಯಿತು. ಮಾವ ನೀಲಿ ಡ್ರೆಸ್ಸು, ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡು ಬಂದರು. ನಡುಮನೆಗೆ!

“ಮಾವ, ಈ ಕೆಲಸಕ್ಕೆ ಬನಿಯನ್ನು, ಲುಂಗಿ ಸಾಕ್ರಿ.”

“ಡ್ಯೂಟಿ ಅಂದ್ರೆ ಡ್ಯೂಟಿ,” ಅಂದವರು ಲ್ಯಾಪ್‌ಟಾಪನ್ನು ಅಕ್ಕಿ ಡ್ರಮ್ಮಿನ ಮೇಲಿಟ್ಟು, ಕಾಲಗಲಿಸಿ ನಿಂತೇ ಕೆಲಸಕ್ಕಿಳಿದರು. ಅವ್ವ ಅಕ್ಕಿ ತೆಗೆಯಬೇಕಾದಾಗೆಲ್ಲ ಕಂಪನಿ ಬಂದ್. ಸಂಜೆ ಐದಾದರೆ ಹತ್ತಿಯ ಚಿಂದಿ ತಂದು ಲ್ಯಾಪ್‌ಟಾಪಿನ ಮೈಯೆಲ್ಲ ಒರೆಸುತ್ತಿದ್ದರು. ಎಣ್ಣೆ ಬಿಡಲು ಜಾಗ ಹುಡುಕಿದ್ದನ್ನೂ ನಾನು ನೋಡಿದ್ದೇನೆ, ಸಿಗಲಿಲ್ಲ ಅಷ್ಟೇ.

ನಕ್ಷೆಗಳು ಮಾತ್ರ ಚಿನ್ನದಂಥವು. ತೊಂದರೆ ಇದ್ದದ್ದು ಸಂದರ್ಶನದ ತಾಲೀಮಿನಲ್ಲಿ. ಪಕ್ಕದ ಕೋಣೆಯಿಂದ ನಾನು ವಿದೇಶಿ ಮೇಡಂ ಆಗಿ, ಮೂಗಿನಲ್ಲಿ ಇಂಗ್ಲಿಷ್ ಇಳಿಸಿ, ಪ್ರಶ್ನೆ ಎಸೆಯುತ್ತಿದ್ದೆ. ಮಾವನದು ಒಂದೇ ಹಟ.

“ಪ್ರಶ್ನೆ ಬರೆದು ಕಳ್ಸಲೇ ಅಳಿಯ. ಬರೆದ್ರೆ ಚಲೋ.”

ಇಂಗ್ಲಿಷಿನ ಹೆದರಿಕೆ, ಇನ್ನೇನು? ಹತ್ತೊಂಬತ್ತು ವರ್ಷ ಪರದೇಶದಲ್ಲಿದ್ದು ಇಷ್ಟು ಪುಕ್ಕಲೇ ಅಂತ ನಾನು ಊಟದ ಹೊತ್ತಿಗೆ ಅವರ ದನಿಯಲ್ಲೇ “ಬರೆದು ಕಳ್ಸಲೇ” ಅಂತ ಆಡಿ ತೋರಿಸುತ್ತಿದ್ದೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಒಂದು ಗಳಿಗೆ ತಡವಾಗಿ, ಅವಳಿಗಿಂತ ಜೋರಾಗಿ ಮಾವ ನಗುತ್ತಿದ್ದರು. ಇಂಥ ಅಭಿಮಾನಿ ಯಾವ ಕಲಾವಿದನಿಗೆ ಸಿಗುತ್ತಾನೆ ಹೇಳಿ!

ನಿಜವಾದ ಸಂದರ್ಶನದ ದಿನ ಬಂತು. ಪೂಜೆ ಮಾಡದೆ ಯಂತ್ರ ಚಾಲೂ ಮಾಡುವ ಪದ್ಧತಿ ನಮ್ಮವರಲ್ಲಿಲ್ಲ. ಮಾವ ಸ್ನಾನ ಮಾಡಿ ಬಂದು, ಮೊದಲು ತಮ್ಮ ಹಣೆಗೆ, ಆಮೇಲೆ ಲ್ಯಾಪ್‌ಟಾಪಿನ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರು. ಲ್ಯಾಪ್‌ಟಾಪಿನ ಹಣೆ ಎಲ್ಲಿರುತ್ತದೆ? ಕ್ಯಾಮೆರಾ ಇರುವಲ್ಲೇ! ಸಂದರ್ಶನಕ್ಕೆ ಕೂತ ಕಂಪನಿಯ ಮೇಡಂಗೆ ಕಂಡದ್ದು ಬರೀ ಬೂದಿಯ ಮೋಡ. ಅವ್ವ ಓಡಿಬಂದು ಸೆರಗಿನಿಂದ ಒರೆಸಿದಳು. ಮೋಡ ಸರಿದು ಮೊದಲು ಸೀರೆಯ ಅಂಚಿನ, ಆಮೇಲೆ ಮಾವನ ಮುಖದ ದರ್ಶನವಾಯಿತು.

ಮೇಡಂ ಕೇಳಿದ್ದು ಮೂರು ಪ್ರಶ್ನೆ. ಎಷ್ಟು ವರ್ಷದ ಅನುಭವ? ಯಾವಾಗ ಸೇರುತ್ತೀರಿ? ನಿಮ್ಮದೇನಾದರೂ ಪ್ರಶ್ನೆ ಇದೆಯೇ? ಪರದೆಗೆ ಮೂಗು ತಾಗುವಷ್ಟು ಬಾಗಿ, ಆಕೆಯ ತುಟಿಯನ್ನೇ ನೋಡುತ್ತ ಮಾವ ಮೂರಕ್ಕೂ ಒಂದೇ ಉತ್ತರ ಕೊಟ್ಟರು: “ಯೆಸ್ ಮೇಡಂ.” ಎರಡು ದಿನಕ್ಕೆ ಮೇಲ್ ಬಂತು. ನಕ್ಷೆಗಳು ಬಹಳ ಚೆನ್ನಾಗಿವೆ, ಆದರೆ ಮಾತುಕತೆ ಸುಗಮವಾಗಿರಲಿಲ್ಲ, ಕ್ಷಮಿಸಿ. ಮಾವ ಅದನ್ನು ಡ್ರಮ್ಮಿನ ಮುಂದೆ ನಿಂತು ಮೂರು ಸಲ ಓದಿದರು. ಅವತ್ತಿನ ಊಟದಲ್ಲೂ ನಾನು ಬಿಡಲಿಲ್ಲ, ಇಡೀ ಸಂದರ್ಶನ ಆಡಿ ತೋರಿಸಿದೆ. ಮಾವ ಅವತ್ತೂ ನಕ್ಕರು. ಈಗ ನೆನೆದರೆ ನನ್ನ ನಾಲಿಗೆಗೆ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ರಜೆ ಎಂಟು ದಿನ ಉಳಿದಿತ್ತು. ಲೇತ್ ಕಲಿಸಿದ ಮೇಸ್ತ್ರಿಯನ್ನು ನೋಡಿ ಬರೋಣ ಅಂತ ಮಾವ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ವರ್ಕ್‌ಶಾಪಿನಲ್ಲಿ ನಾಲ್ಕು ಯಂತ್ರ ಒಟ್ಟಿಗೆ ಕಿರುಚುತ್ತಿದ್ದವು.

“ಬರ್ರಪ ಮಸ್ಕತ್ ಸಾಹುಕಾರ್ರು!” ಅಂತ ಮುದುಕ ಮೇಸ್ತ್ರಿ ಮಾವನ ಭುಜ ಹಿಡಿದು ಒಂದು ಯಂತ್ರದ ಹತ್ತಿರ ಎಳೆದೊಯ್ದರು. “ಇದರ ರೋಗ ಏನು ಹೇಳು ನೋಡನ. ಹುಡುಗ ಇದ್ದಾಗ ಈತ ರಸ್ತೇಲಿ ನಿಂತು ಸದ್ದು ಕೇಳೇ ಹೇಳೋನು,” ಅಂದರು ನನಗೆ.

ಮಾವ ಕಿವಿ ಕೊಡಲಿಲ್ಲ. ಯಂತ್ರದ ಮೈಮೇಲೆ ಅಂಗೈ ಅಗಲಿಸಿಟ್ಟು, ಕಣ್ಣು ಮುಚ್ಚಿ ನಿಂತರು.

“ಹಿಂದಿನ ಬೇರಿಂಗ್ ಸವದೈತೆ.”

“ನೋಡ್ರಿ ಮೇಸ್ತ್ರಿ, ನಮ್ಮ ಮಾವ ನಾಡಿ ನೋಡೋ ವೈದ್ಯರಾಗ್ಯಾರೆ!” ಅಂದೆ ನಾನು.

ಮೇಸ್ತ್ರಿ ನಗಲಿಲ್ಲ. ಆ ಗದ್ದಲದಲ್ಲಿ ಕೆಲಸದವರು ಬಾಯಿಯಿಂದ ಮಾತಾಡುವುದಿಲ್ಲ, ಕೈಸನ್ನೆಯೇ ಅವರ ಭಾಷೆ: ಚಹಾಕ್ಕೊಂದು, ಇನ್ನೊಂಚೂರು ಸವರು ಅನ್ನುವುದಕ್ಕೊಂದು. ಮೇಸ್ತ್ರಿ ತಮ್ಮ ಕಿವಿ ಮುಟ್ಟಿಕೊಂಡು ಯಾವಾಗಿನಿಂದ ಅನ್ನುವ ಹಾಗೆ ಅಂಗೈ ಮೇಲೆ ಮಾಡಿದರು. ಮಾವ ನನ್ನ ಕಡೆ ಒಮ್ಮೆ ನೋಡಿ, ಮೂರು ಬೆರಳು ಎತ್ತಿದರು. ಮೂರು ವರ್ಷ. ಆ ಭಾಷೆ ನಾನು ಕಲಿತವನಲ್ಲ. ಆದರೂ ಅರ್ಥವಾಯಿತು.

ಹೊರಗೆ ಚಹಾದಂಗಡಿ ಮುಂದೆ ಮಾವನೇ ಹೇಳಿದರು. “ಎಡಗಿವಿ ಪೂರಾ ಹೋಗೈತೆ. ಬಲಗಿವೀಲಿ ಒಂದೀಟು ಐತೆ, ಎದುರಿಗಿದ್ದು ಬಾಯಿ ನೋಡಿದ್ರೆ ತಿಳೀತೈತೆ. ಕಬ್ಬಿಣ ಕಡೆಯೋ ಟೂಲ್ ಮುರಿಯೋಕೆ ಮುಂಚೆ ಒಂದು ಸದ್ದು ಮಾಡತೈತಲೇ. ಮಸ್ಕತ್ತಲ್ಲಿ ಒಂದಿನ ಅದು ನಂಗೆ ಕೇಳ್ಸಲಿಲ್ಲ. ಚೂರು ಹಾರಿ ಪಕ್ಕದೋನ ಕೆನ್ನೆಗೆ ಬಡೀತು. ಕಣ್ಣಿಗೆ ಬಡಿದಿದ್ರೆ? ನಾ ಮತ್ತೆ ಆ ಮಷಿನ್ ಮುಂದೆ ನಿಲ್ಲಬಾರದು.”

“ಮತ್ತೆ ನನ್ನ ಮಿಮಿಕ್ರಿಗೆ ಅಷ್ಟು ನಗ್ತಿದ್ರಲ್ಲ ಮಾವ?”

“ಅಕ್ಕ ನಗಾದು ಕಾಣ್ತಿತ್ತಲ್ಲ. ನಾ ಒಬ್ಬ ಯಾಕ ಬಿಡ್ಲಿ ಅಂತ ನಕ್ಕೆ.”

ಚಹಾದ ಲೋಟ ಕೆಳಗಿಟ್ಟೆ. ನನಗೆ ಬರುವ ಒಂದೇ ವಿದ್ಯೆಯನ್ನು ಮುಂದಿಟ್ಟೆ. “ಮುಂದಿನ ಸಂದರ್ಶನಕ್ಕೆ ನಾನೇ ನಿಮ್ಮ ದನೀಲಿ ಮಾತಾಡ್ತೀನಿ. ಕ್ಯಾಮೆರಾ ಕೆಟ್ಟೈತೆ ಅನ್ನನ.”

“ಆಮ್ಯಾಲೆ? ದಿನಾ ಮಸ್ಕತ್ತಿಗೆ ಬಂದು ಮಾತಾಡ್ತೀಯ? ದಾವಣಗೆರೆಯೋರ ಲಗ್ನಪತ್ರಿಕೆ ಯಾರು ಮಾಡ್ತಾರೆ?” ಅಂದವರು ಫೋನನ್ನು ನನ್ನ ಕೈಗಿಟ್ಟರು. “ಅದೇ ಮೇಡಂಗೆ ಬರಿ. ಕಿವಿ ಕೇಳಲ್ಲ, ಬರೆದು ಕೇಳಿದ್ರೆ ಎಲ್ಲಾದಕ್ಕೂ ಉತ್ತರ ಕೊಡ್ತೀನಿ ಅಂತ.”

ನಾನು ‘ದುರದೃಷ್ಟವಶಾತ್’ ಅಂತ ಶುರು ಮಾಡಿದ್ದೆ. ಮಾವ ಇಣುಕಿ ನೋಡಿದರು. “ಅದು ಬ್ಯಾಡ, ತೆಗಿ. ಅಳತೆ ಬರೆದಂಗೆ ಬರಿ.” ಎರಡೇ ಸಾಲಾಯಿತು. ಕಳಿಸುವ ಗುಂಡಿಯನ್ನು ಅವರೇ ಒತ್ತಿದರು. ಇದನ್ನು ಬರೆಯುವ ಹೊತ್ತಿಗೆ ರಜೆ ಐದು ದಿನ ಉಳಿದಿದೆ. ಉತ್ತರ ಬಂದಿಲ್ಲ.

ಅವತ್ತು ಹರಿಹರದಿಂದ ವಾಪಸು ಬರುವಾಗ ಬಸ್ಸು ತುಂಬಿತ್ತು. ಕಿವಿಯ ವಿಷಯ ಮಗಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳುವುದೋ, ಮುಂಚೆಯೇ ಹೇಳುವುದೋ ಅಂತ ಮಾವ ಮಾತಾಡುತ್ತಿದ್ದರು. ಮುಂದಿನ ಸೀಟಿನವರು ತಿರುಗಿದರು, ಅವರ ಮುಂದಿನವರೂ ತಿರುಗಿದರು. ಮಾವ ಆ ಮುಖಗಳನ್ನು ನೋಡಿ ತಟ್ಟನೆ ನಿಲ್ಲಿಸಿದರು.

“ಜೋರಾಗಿ ಮಾತಾಡಾಕತ್ತೀನೇನ್ಲೇ?”

ನಾನು ಅವರಿಗೆ ಬಾಯಿ ಕಾಣುವ ಹಾಗೆ ಪೂರ್ತಿ ತಿರುಗಿ, ಅವರಷ್ಟೇ ಜೋರಾಗಿ ಕೂಗಿದೆ: “ಇಲ್ಲ ಮಾವ, ಸರೀ ಐತೆ! ಹೇಳ್ರಿ!”

“ಏನ್ರೀ ಅದು, ಜಗಳನಾ?” ಅಂತ ಹಿಂದಿನಿಂದ ಕಂಡಕ್ಟರ್ ಗದರಿದ.

“ಇಲ್ರೀ, ನಾನೂ ನಮ್ಮ ಮಾವನೂ ಮಾತಾಡಾಕತ್ತೀವಿ!” ಅಂದೆ, ಇನ್ನೂ ಒಂದು ಪಟ್ಟು ದನಿ ಏರಿಸಿ. ಈಗ ಬಸ್ಸಿನ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ಮಾವನನ್ನು ಯಾರೂ ನೋಡುತ್ತಿರಲಿಲ್ಲ. ದಾವಣಗೆರೆ ಬರುವವರೆಗೂ ನಾನು ದನಿ ಇಳಿಸಲಿಲ್ಲ.