ಬೆಲ್ಲ ತಿನ್ನುವವರಿಗೆ ಸಕ್ಕರೆ ಕಾಯಿಲೆಯೇ?

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಇಲ್ಲ. ಹೀಗೆ ಹೇಳುವವರು ಇಡೀ ಅಟ್ಟೂರಿನಲ್ಲಿ ಒಬ್ಬರೇ, ನಮ್ಮ ಸೋದರತ್ತೆ! ಡಾಕ್ಟರು, ಲ್ಯಾಬಿನವರು, ಬಾಯೇ ಬಿಡದ ನಮ್ಮ ಮಾವ ಕೂಡ, ಇದೆ ಎನ್ನುತ್ತಾರೆ. ಆದರೆ ಅತ್ತೆಯ ವಾದಕ್ಕೆ ಯಾರ ಬಳಿ ಉತ್ತರವಿದೆ?

"ನಾನು ಸಕ್ಕರೆ ಮುಟ್ಟೋಳೇ ಅಲ್ಲ ಕಣೇ. ಕಾಫಿಗೂ ಬೆಲ್ಲ, ಪಾಯಸಕ್ಕೂ ಬೆಲ್ಲ. ಬಂದ್ರೆ ಬೆಲ್ಲದ ಕಾಯ್ಲೆ ಬರ್ಬೇಕು. ಅಂಗೊಂದು ಕಾಯ್ಲೆ ಅದಾ? ಏಳು!"

ಮಾತ್ರೆಯನ್ನೂ ಮನಸ್ಸು ಬಂದರೆ ಮಾತ್ರ ನುಂಗುವುದು. ದಿನಾ ನುಂಗಿದರೆ ಕಾಯಿಲೆಗೆ ಸಲಿಗೆ ಕೊಟ್ಟಂತಾಗುತ್ತದಂತೆ!

ರಕ್ತ ಪರೀಕ್ಷೆ ಬಂತೆಂದರೆ ಅತ್ತೆ ಎಸ್ಸೆಸ್ಸೆಲ್ಸಿ ಹುಡುಗಿಯ ಹಾಗೆ ತಯಾರಿ ನಡೆಸುತ್ತಿದ್ದರು. ಹಿಂದಿನ ಎರಡು ದಿನ ಅನ್ನ ಬಂದ್, ಟೆರೇಸಿನ ಮೇಲೆ ಸುತ್ತೋ ಸುತ್ತು. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ಪಾಸಾದ ಖುಷಿಗೆ ಲ್ಯಾಬಿನಿಂದ ನೇರ ಬೇಕರಿಗೆ ಹೋಗಿ ದಿಲ್ ಪಸಂದ್! ಕೊನೆಗೆ ಡಾಕ್ಟರಮ್ಮನಿಗೆ ಅನುಮಾನ ಬಂದು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಬರೆದುಕೊಟ್ಟರು. ಅತ್ತೆ ಢುಮ್ಕಿ.

"ಮೂರ್ ತಿಂಗ್ಳ ಇಂದಿಂದೆಲ್ಲ ಏಳ್ಬುಡ್ತದಾ ಈ ರಕ್ತ? ನಾನ್ ಸಾಕಿದ ರಕ್ತ ಕಣೇ, ನನ್ ಮೇಲೇ ಚಾಡಿ!"

ಅತ್ತೆಯ ಇನ್ನೊಂದು ಹೆಮ್ಮೆ ಬರಿಗಾಲು. ಹೊಲವೆಲ್ಲ ಲೇಔಟ್ ಆದಮೇಲೂ ಮನೆಯ ಹಿಂದೆ ಒಂದಿಷ್ಟು ಮಣ್ಣು ಉಳಿಸಿಕೊಂಡು ದಂಟು, ಮೆಂತ್ಯ ಬೆಳೆಯುತ್ತಾರೆ. ಅಲ್ಲಿಗೆ ಚಪ್ಪಲಿ ನಿಷಿದ್ಧ. ರಾಜಾನುಕುಂಟೆಯಲ್ಲಿ ಒಂದು ಗೃಹಪ್ರವೇಶದ ದಿನ ಉರಿಬಿಸಿಲಿಗೆ ಅಂಗಳದ ಕಲ್ಲು ಕಾದು ನಾವೆಲ್ಲ ಕುಣಿಯುತ್ತಿದ್ದರೆ ಅತ್ತೆ ಮಾತ್ರ ನಿಂತು ನಿಧಾನವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. "ಮಣ್ಣು ತುಳ್ದ ಕಾಲು ಇದು!" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಎಂಥ ದಡ್ಡರು ನಾವು!

ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ನಾನು ಹೋದಾಗ ಮನೆಯಲ್ಲಿ ದೊಡ್ಡ ಗಲಾಟೆ. ಬಿಳಿ ಟೈಲ್ಸಿನ ಮೇಲೆಲ್ಲ ರಕ್ತದ ಹೆಜ್ಜೆ. "ಯಾರ್ರೀ ಕಾಲು ಕುಯ್ಕೊಂಡು ಮನೆಯೆಲ್ಲ ತುಳ್ದಿರೋದು? ತೋರ್ಸಿ ಕಾಲು!" ಎಂದು ಅತ್ತೆ ಒಬ್ಬೊಬ್ಬರನ್ನೇ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದರು. ಮಾವನ ಕಾಲು, ಸೊಸೆಯ ಕಾಲು, ಆಗಷ್ಟೇ ಒಳಗೆ ಬಂದ ನನ್ನ ಕಾಲು, ಎಲ್ಲ ಸ್ವಚ್ಛ. ವಿಚಾರಣೆ ನಡೆಸುತ್ತ ಅವರು ನಡೆದಲ್ಲೆಲ್ಲ ಹೊಸ ಹೆಜ್ಜೆಗಳು ಮೂಡುತ್ತಿದ್ದವು.

ಪಕ್ಕದ ಸೈಟಿನಿಂದ ಹಿತ್ತಲ ಮಣ್ಣಿಗೆ ಬಿದ್ದ ಗಾಜಿನ ಚೂರು ಅತ್ತೆಯ ಅಂಗಾಲಿನಲ್ಲಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಚೂರು ಕಿತ್ತು, ಅರಿಸಿನ ಮೆತ್ತಿ, "ನೋವೇ ಇಲ್ಲ, ಆಸ್ಪತ್ರೆ ಯಾಕೆ?" ಎಂದು ಓಡಾಡಿದರು. ಗಾಯ ಮಾಯಲಿಲ್ಲ. ಕೀವಾಗಿ ಕಿರುಬೆರಳು ಕಪ್ಪಾಯಿತು. ಎಳೆದುಕೊಂಡು ಹೋದೆವು. ಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು.

"ನೋವಿಲ್ದಿದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರಮ್ಮ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಇಲ್ಲಮ್ಮ. ಸಕ್ಕರೆ ವರ್ಷಗಟ್ಟಲೆ ಏರ್ಕೊಂಡೇ ಇದ್ರೆ ಕಾಲಿನ ನರ ಸಾಯ್ತವೆ. ಗಾಯ ಆದ್ರೂ ಗೊತ್ತಾಗಲ್ಲ, ಬೇಗ ವಾಸೀನೂ ಆಗಲ್ಲ. ದಿನಾ ಯಾರಾದ್ರೂ ಕಾಲು ನೋಡ್ಬೇಕು."

ಅತ್ತೆ ವಾದಿಸಲಿಲ್ಲ. ನನಗೆ ಭಯವಾದದ್ದು ಆಗಲೇ.

ಈಗ ಮಾತ್ರೆ ತಪ್ಪದು, ಮನೆಯೊಳಗೂ ಚಪ್ಪಲಿ. ಮೊನ್ನೆ ಸಂಜೆ ಹೋದಾಗ ಮಾವ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು, ಅತ್ತೆಯ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದು ಬಿಡಿಸಿ ನೋಡುತ್ತಿದ್ದರು.

"ಗಂಡ ಎಂಡ್ತಿ ಕಾಲು ಇಡಿಯೋದಾ? ಬುಡಿ ಅಂದ್ರೆ! ಪಾಪ ಬತ್ತದೆ!" ಅತ್ತೆ ಕೂಗುತ್ತಲೇ ಇದ್ದರು. ಮಾವ ಬಿಡಲಿಲ್ಲ. ಬೆರಳೆಲ್ಲ ನೋಡಿ, ಅಂಗಾಲಿನ ಮೇಲೆ ಅಂಗೈ ಇಟ್ಟು ಕೇಳಿದರು, "ಗೊತ್ತಾಯ್ತದಾ?"

ಅತ್ತೆ ಮಾವನ ಕೈಯನ್ನೇ ನೋಡಿದರು.

"ಊಂ. ಬೆಚ್ಚಗದೆ."

ಆ ಪಾದಕ್ಕೆ ಅದು ತಿಳಿಯುವುದಿಲ್ಲವೆಂದು ನಮ್ಮ ಮೂವರಿಗೂ ಗೊತ್ತಿತ್ತು. ಮಾವ ತಲೆಯೆತ್ತದೆ ಇನ್ನೊಂದು ಪಾದವನ್ನು ಎತ್ತಿಕೊಂಡರು.