ನಮ್ಮ ಭಾವನ ಒಂದೇ ವಿಶ್ವಕಪ್ಪು

ನಮ್ಮ ಭಾವನ ಪ್ರಕಾರ ಪ್ರಪಂಚದಲ್ಲಿ ಈವರೆಗೆ ನಡೆದಿರುವುದು ಒಂದೇ ಒಂದು ಫುಟ್‌ಬಾಲ್ ವಿಶ್ವಕಪ್ಪು. ಅದೂ ಅವರು ಹುಟ್ಟುವ ಮೊದಲೇ ಮುಗಿದುಹೋಗಿದೆ! ೧೯೩೦ರಲ್ಲಿ, ಉರುಗ್ವೆಯಲ್ಲಿ. ಆಮೇಲಿನವೆಲ್ಲ ಬರೀ ಕಾಪಿಯಂತೆ. ಮಂಡ್ಯದಲ್ಲಿ ಹುಟ್ಟಿ, ಕಡಲಾಚೆಯ ಈ ಯೂನಿಯನ್ ಸಿಟಿಯಲ್ಲಿ ರಿಟೈರಾದ ಈ ಮಹಾನುಭಾವರು, ಎಂದರೆ ನನ್ನ ಅಕ್ಕನ ಗಂಡ, ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಒದ್ದರೆ ಮಂಡಿ ಹೋದೀತು ಎಂದು ಭಯ.

ಈ ಬೇಸಿಗೆಯಲ್ಲಿ ವಿಶ್ವಕಪ್ಪಿನ ಪಂದ್ಯಗಳು ನಮ್ಮ ಸಾಂತಾ ಕ್ಲಾರಾಕ್ಕೇ ಬಂದವು. ನನ್ನ ಮಗ ಎಲ್ಲಿಂದಲೋ ಎರಡು ಟಿಕೆಟ್ ಹೊಂದಿಸಿಕೊಂಡು "ದೊಡ್ಡಪ್ಪ, ಕಮ್ ವಿತ್ ಮಿ!" ಎಂದು ಕುಣಿದ.

"ಮೊದಲ್ನೇದು ನೋಡಿದೀಯೇನೋ?"

"ನೋ..."

"ಮೊದಲ್ನೇ ಎಪಿಸೋಡೇ ನೋಡ್ದೆ ಇಪ್ಪತ್ಮೂರ್ನೇದು ನೋಡಿದ್ರೆ ಏನೋ ಅರ್ಥ ಆಗತ್ತೆ ನಿಂಗೆ?"

ಮಗ ಸ್ನೇಹಿತನನ್ನು ಕರೆದುಕೊಂಡು ಹೋದ.

ಆ ಮೊದಲನೆಯದರ ವಿಷಯದಲ್ಲಂತೂ ಭಾವ ಬಲು ಕಟ್ಟುನಿಟ್ಟು. ಹಿಂದೊಮ್ಮೆ ಯಾರದೋ ಗೃಹಪ್ರವೇಶದಲ್ಲಿ ಮೌಂಟನ್ ವ್ಯೂನ ಇಂಜಿನಿಯರೊಬ್ಬ "ಫಸ್ಟ್ ವರ್ಲ್ಡ್ ಕಪ್ಪು ಬ್ರೆಜಿಲ್ ಗೆದ್ದಿದ್ದಲ್ವಾ ಸಾರ್?" ಅಂದುಬಿಟ್ಟ. ಮುಗೀತು ಕಥೆ! ಭಾವ ಕಾಫಿ ಲೋಟ ಕೆಳಗಿಟ್ಟರು. ಫೈನಲ್ಲಿನಲ್ಲಿ ಯಾರ ಚೆಂಡಿನಲ್ಲಿ ಆಡಬೇಕೆಂದು ಜಗಳವಾಗಿ, ಮೊದಲರ್ಧ ಅರ್ಜೆಂಟೀನಾದ ಚೆಂಡು, ಇನ್ನರ್ಧ ಉರುಗ್ವೆಯ ಚೆಂಡು ಎಂದು ರಾಜಿಯಾದದ್ದರಿಂದ ಹಿಡಿದು, ಉರುಗ್ವೆ ನಾಲ್ಕು-ಎರಡರಲ್ಲಿ ಗೆದ್ದದ್ದರವರೆಗೆ ಅವನಿಗೆ ಒಪ್ಪಿಸಿದರು. ಅವನೇ ಆ ಮನೆಯ ಯಜಮಾನ ಬೇರೆ. ಪುರೋಹಿತರು ಹಾಲು ಉಕ್ಕಿಸಲು ಅವನನ್ನೇ ಕಾಯುತ್ತಿದ್ದರು! ಕೊನೆಗೆ ಅಕ್ಕ ಅಡುಗೆಮನೆಯಿಂದ "ರೀ, ಬಿಡ್ರೀ ಪಾಪ, ಮುಹೂರ್ತ ಮೀರೋಗತ್ತೆ!" ಎಂದು ಕೂಗಿದಳು. ಅವಳ ಆ "ರೀ" ಒಂದಕ್ಕೇ ಭಾವ ಬಗ್ಗುತ್ತಿದ್ದುದು.

ಆ ಅಕ್ಕನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಒಗ್ಗರಣೆಗೆ ಸಾಸಿವೆ ಹಾಕುವುದನ್ನು ಮರೆತಳು. ಆಮೇಲೆ ಗ್ರಾಸರಿಗೆ ಹೋದವಳು ಮನೆಯ ದಾರಿ ಮರೆತಳು. ಕೊನೆಗೆ ಭಾವನನ್ನೇ ಮರೆತಳು. ಈಗ ಡ್ಯಾನ್‌ವಿಲ್‌ನಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಹೋಮಿನಲ್ಲಿದ್ದಾಳೆ. ಫ್ರೀವೇಯಲ್ಲಿ ಗಾಡಿ ಓಡಿಸಲು ಭಾವನಿಗೆ ಭಯ, ಹಾಗಾಗಿ ಪ್ರತಿ ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಬೇಕಾಗಿರುವುದು ಇಷ್ಟೇ: ಅವಳು ಇನ್ನೊಂದು ಸಲ "ರೀ" ಅನ್ನಬೇಕು. ಅದಕ್ಕಾಗಿ ಮದುವೆಯ ಆಲ್ಬಮ್ಮನ್ನೂ ತೋರಿಸಿದರು. ಅಕ್ಕ ಚೆನ್ನಾಗಿ ನೋಡಿ, "ಹುಡುಗಿ ಲಕ್ಷಣವಾಗಿದಾಳೆ. ಹುಡುಗ ಸ್ವಲ್ಪ ಪೆದ್ದು" ಅಂದಳು! ಮೂವರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಭಾವ ಬಹಳ ಹೊತ್ತು ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು.

ಬೇರೇನೂ ತೋಚದೆ ಒಂದು ಭಾನುವಾರ ತಮ್ಮ ವಿಶ್ವಕಪ್ಪನ್ನೇ ಶುರು ಮಾಡಿದರು. ಮದುವೆಯಾದಾಗಿನಿಂದ ಕೇಳಿ ಕೇಳಿ ಅಕ್ಕನಿಗೆ ತಲೆ ಚಿಟ್ಟು ಹಿಡಿದಿದ್ದ ಕಥೆ. ಈಗ ಹೊಸದಾಗಿ ಕೇಳಿದಳು. ಈಜಿಪ್ಟಿನ ತಂಡ ಬಿರುಗಾಳಿಗೆ ಸಿಕ್ಕಿ ತಡವಾಗಿ, ಹಡಗು ತಪ್ಪಿಹೋಗಿ, ಟೂರ್ನಿಗೇ ಬರಲಾಗಲಿಲ್ಲ ಎಂಬಲ್ಲಿಗೆ ಬಂದಾಗ ಅವಳ ಕಣ್ಣಲ್ಲಿ ನೀರು.

"ಅಯ್ಯೋ, ಆಸೆ ಪಟ್ಕೊಂಡು ಹೊರಟಿದ್ರಲ್ಲ ಪಾಪ. ಒಂಚೂರು ಕಾಯ್ಬಾರ್ದಿತ್ತಾ ಆ ಹಡಗು?"

ಏನು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಮುಂದಿನ ವಾರಕ್ಕೆ ಎಲ್ಲ ಮರೆತಿದ್ದಳು. ಮತ್ತೆ ಅದೇ ಕಥೆ, ಅದೇ ಜಾಗಕ್ಕೆ ಬಂದಾಗ ಮತ್ತೆ ಅತ್ತಳು.

ಅದರ ಮುಂದಿನ ವಾರ ಭಾವ ಆ ಜಾಗಕ್ಕೆ ಬಂದು ನಿಲ್ಲಿಸಿದರು.

"ಬಿರುಗಾಳಿ ಅಂದ್ರೆ ಬಿರುಗಾಳಿ! ಈಜಿಪ್ಟ್‌ನೋರು ಲೇಟು. ಆದ್ರೆ ಹಡಗಿನ ಕ್ಯಾಪ್ಟನ್ ಒಳ್ಳೇ ಮನುಷ್ಯ. ಅವರು ಬರೋವರ್ಗೂ ಹೊರಡಲ್ಲ ಅಂತ ನಿಲ್ಲಿಸೇಬಿಟ್ಟ."

"ಬಂದ್ರಾ?"

"ಬಂದ್ರು. ಎಲ್ಲಾರೂ ಹತ್ತಿದ್ರು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಬ್ರೆಜಿಲ್ ಎಂದವನಿಗೆ ಮುಹೂರ್ತ ತಪ್ಪಿಸಲು ಹೊರಟಿದ್ದ ಮನುಷ್ಯ ಇವರೇನಾ? ಸಾಲದ್ದಕ್ಕೆ ಈಜಿಪ್ಟಿಗೆ ಎರಡು ಪಂದ್ಯ ಗೆಲ್ಲಿಸಿಯೂ ಕೊಟ್ಟರು! ಅಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಆಮೇಲೆ ಕಿಟಕಿಯ ಕಡೆ ನೋಡಿ, ಭಾವನ ಕೈ ಮುಟ್ಟಿ ಹೇಳಿದಳು:

"ಹೊತ್ತಾಯ್ತು, ಹೊರಡಿ ನೀವು. ಮನೇಲಿ ನಿಮ್ಮ ಹೆಂಡ್ತಿ ಕಾಯ್ತಿರ್ತಾರೆ. ನೀವು ಹೋಗೋ ತನಕ ಊಟಾನೂ ಮಾಡಿರಲ್ಲ ಅವರು."

ಭಾವ "ಆಗ್ಲಿ, ಬರ್ತೀನಿ" ಎಂದು ಎದ್ದರು.

ಫ್ರೀವೇ ಸೇರಿದ ಮೇಲೂ ನನಗೆ ಅಳು ಬರುತ್ತಿತ್ತು, ಅಕ್ಕನ ಮೇಲೆ ಸಿಟ್ಟೂ ಬರುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದವರನ್ನು ಯಾರೋ ಪರಸ್ಥಳದವರ ಹಾಗೆ ಕಳಿಸಿಬಿಟ್ಟಳಲ್ಲ! ಭಾವ ಹೊರಗೆ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಸೀಟಿನಲ್ಲಿ ನೆಟ್ಟಗೆ ಕೂತರು.

"ಗಾಡಿ ತಿರುಗಿಸಮ್ಮ."

"ಯಾಕೆ ಭಾವ? ಏನಾದ್ರೂ ಬಿಟ್ಟು ಬಂದ್ರಾ?"

"ಅವಳು ಊಟ ಮಾಡಿರಲ್ಲ."