ಪುರಭವನದ ಎಂಟು ಗಂಟೆಯ ತಿದ್ದುಪಡಿ

ಕ್ಯಾರುಗಂಡ ಪಟ್ಟಣ ಸಭೆ
ಚರಿತ್ರೆ, ಬೀಗದಕೈ ಮತ್ತು ಕುರ್ಚಿಗಳ ಶಾಖೆ

ಸಂಖ್ಯೆ: ಕ್ಯಾಪಸ/ಚಬೀಕು/8/1994
ದಿನಾಂಕ: 3 ಅಕ್ಟೋಬರ್ 1994, ಬೆಳಿಗ್ಗೆ ನಾಲ್ಕು (ಊರ ಗಂಟೆ), ಅಂದರೆ ಹತ್ತು (ಕಚೇರಿ ಗಂಟೆ)

ಸುತ್ತೋಲೆ

ವಿಷಯ: 1978ರ ಗಡಿ ಯುದ್ಧದಲ್ಲಿ ಪುರಭವನದ ಚರಿತ್ರೆ ಮತ್ತು ಕಾವಲುಗಾರ್ತಿ ಶ್ರೀಮತಿ ಕೊಕುಹಿರ್ವಾ ಅವರ ಸೇವಾ ಪುಸ್ತಕದಲ್ಲಿನ ಷರಾ ಕುರಿತು.

ಉಲ್ಲೇಖ: 1) "ಕಟ್ಟಡವನ್ನು ಎಂಟು ಗಂಟೆಯೊಳಗೆ ತೆರವುಗೊಳಿಸತಕ್ಕದ್ದು" ಎಂಬ ಯುದ್ಧಕಾಲದ ಆದೇಶ.
2) ಸದರಿ ಶ್ರೀಮತಿಯವರ ಹದಿನಾರು ಅರ್ಜಿಗಳು, ವರ್ಷಕ್ಕೊಂದರಂತೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ:

1. ಸೂರ್ಯ ಹುಟ್ಟಿ ಒಂದು ಗಂಟೆ ಕಳೆದರೆ ಊರಿನಲ್ಲಿ ಒಂದು ಗಂಟೆಯಾಗುತ್ತದೆ, ಕಚೇರಿಯಲ್ಲಿ ಏಳಾಗುತ್ತದೆ. ಊರಿನ ಎಂಟು ಗಂಟೆ ಕಚೇರಿಗೆ ಮಧ್ಯಾಹ್ನ ಎರಡು. ಈ ಆರು ಗಂಟೆಗಳ ವ್ಯತ್ಯಾಸಕ್ಕೆ ಪಟ್ಟಣ ಸಭೆ ಜವಾಬ್ದಾರಿಯಲ್ಲ. ಸೂರ್ಯನಿಗೆ ನೋಟಿಸು ಕೊಡುವ ಪ್ರಸ್ತಾವವನ್ನು ವಿಳಾಸ ಅಪೂರ್ಣವೆಂದು ಕೈಬಿಡಲಾಗಿದೆ.

2. ಉಲ್ಲೇಖ 1ರ ಆದೇಶ ಬಂದ ದಿನ ಪುರಭವನದೊಳಗೆ ಆಸ್ಪತ್ರೆಯ ಹಾಸಿಗೆಗಳು, ಒಂದು ಶಾಲೆ ಮತ್ತು ಸೆನೆನೆ ಮಿಡತೆ ಹುರಿಯುವ ಹೆಂಗಸರು ಸೇರಿ ಇನ್ನೂರ ಹನ್ನೆರಡು ಜನರಿದ್ದರು. ಆದೇಶ ಬರೆದ ಸಾಹೇಬರ ಮನಸ್ಸಿನಲ್ಲಿದ್ದುದು ಕಚೇರಿಯ ರಾತ್ರಿ ಎಂಟು. ಶ್ರೀಮತಿಯವರು ಓದಿಕೊಂಡದ್ದು ಊರಿನ ಎಂಟು. ಅದರಂತೆ ಮಧ್ಯಾಹ್ನವೇ ಪೊರಕೆ ಹಿಡಿದು ಎಲ್ಲರನ್ನೂ ಹೊರಗಟ್ಟಿ ಬೀಗ ಹಾಕಿದರು. ಬಾಗಿಲಲ್ಲಿ ಕಾಫಿ ಬೀಜ ಮಾರುತ್ತಿದ್ದ ಶ್ರೀ ಬಶೈಜಾ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: "ನಾನು ಅಂದೆ, ಅಕ್ಕಾ, ಇಷ್ಟ್ ಬೇಗ ಯಾಕೆ, ಜನ ಇನ್ನೂ ಊಟಾನೇ ಮಾಡಿಲ್ಲ. ಅದಕ್ಕವಳು, ಎಂಟು ಅಂದ್ರೆ ಎಂಟು ಕಣೋ, ಬಾಳೆಕಾಯಿ ಪಾತ್ರೆ ತಲೆ ಮೇಲಿಟ್ಕೊಂಡು ನಡಿ ಅಂದ್ಳು. ಪಾತ್ರೆ ಇನ್ನೂ ಕುದೀತಿತ್ತು ಸ್ವಾಮಿ!"

3. ಊರಿನ ಹನ್ನೊಂದು ಗಂಟೆಗೆ, ಅಂದರೆ ಸಂಜೆ ಐದಕ್ಕೆ, ನದಿಯಾಚೆಯಿಂದ ಒಂದು ಫಿರಂಗಿ ಷೆಲ್ಲು ಪೂರ್ವಾನುಮತಿಯಿಲ್ಲದೆ ಪುರಭವನದ ಛಾವಣಿಯ ಮೂಲಕ ಪ್ರವೇಶಿಸಿತು. ಹಾನಿಗೊಳಗಾದವು: ಕುರ್ಚಿ ನಲವತ್ತು, ಕರಿಹಲಗೆ ಒಂದು. ಮನುಷ್ಯರು: ಇಲ್ಲ.

4. ಈ "ಇಲ್ಲ"ವನ್ನು ಪರಿಶೀಲಿಸಿದ ಅಂದಿನ ವಿಚಾರಣಾಧಿಕಾರಿಗಳು ಶ್ರೀಮತಿಯವರ ಸೇವಾ ಪುಸ್ತಕದಲ್ಲಿ "ಆರು ಗಂಟೆ ಮುಂಚಿತವಾಗಿ ಕರ್ತವ್ಯ ತೊರೆದು ಓಡಿಹೋಗಿರುತ್ತಾರೆ" ಎಂದು ಷರಾ ಬರೆದರು. ಷರಾ ಇರುವವರ ಹೆಸರನ್ನು ಪುರಭವನದ ಗೌರವ ಫಲಕದಲ್ಲಿ ಬರೆಯಲು ಅವಕಾಶವಿಲ್ಲ. ಅವರು ಇದೇ ತಿಂಗಳ 31ರಂದು ನಿವೃತ್ತರಾಗುತ್ತಾರೆ. ಹದಿನಾರನೆಯ ಅರ್ಜಿಯನ್ನು ಮೌಖಿಕವಾಗಿ ಸಲ್ಲಿಸಿರುತ್ತಾರೆ: "ಭಾಷಣ ಬೇಡ, ಉಡುಗೊರೆ ಬಟ್ಟೆ ಬೇಡ. ನಾನು ಓಡಿಹೋದೋಳಲ್ಲಪ್ಪ. ಎಲ್ರೂ ಹೋದ್ಮೇಲೆ ಬೀಗ ಎಳೆದು ನೋಡಿ ಹೋದೋಳು. ಆ ಒಂದು ಸಾಲು ಹೊಡೆದ್ಹಾಕಿ, ಸಾಕು."

5. ನಿಯಮಾನುಸಾರ ಷರಾವನ್ನು ಬರೆದವರೇ ಹೊಡೆದುಹಾಕಬೇಕು. ಅವರು ತೀರಿಕೊಂಡಿದ್ದಾರೆ. ಅವರಿಗೆ ಎರಡು ಬಾರಿ ಜ್ಞಾಪನ ಪತ್ರ ಕಳುಹಿಸಲಾಗಿದ್ದು, ಉತ್ತರ ನಿರೀಕ್ಷಿಸಲಾಗುತ್ತಿದೆ.

6. ಆದ್ದರಿಂದ ಷರಾವನ್ನು ಹಾಗೆಯೇ ಉಳಿಸಿಕೊಂಡು, ಆ ದಿನದ ಸಮಯವನ್ನೇ ತಿದ್ದಲಾಗಿದೆ. ಆ ದಿನ ಪಟ್ಟಣದಾದ್ಯಂತ ಊರ ಗಂಟೆಯೇ ಅಧಿಕೃತ ಗಂಟೆಯಾಗಿತ್ತೆಂದು ಈ ಮೂಲಕ ಘೋಷಿಸಲಾಗಿದೆ. ಶ್ರೀಮತಿಯವರು ಸರಿಯಾಗಿ ಎಂಟಕ್ಕೆ ಬೀಗ ಹಾಕಿರುತ್ತಾರೆ. ಷರಾದಲ್ಲಿನ "ಆರು" ಎಂಬಲ್ಲಿ "ಸೊನ್ನೆ" ಎಂದೂ, "ಕರ್ತವ್ಯ ತೊರೆದು ಓಡಿಹೋಗಿ" ಎಂಬಲ್ಲಿ "ಬೀಗ ಎಳೆದು ನೋಡಿ" ಎಂದೂ ಓದಿಕೊಳ್ಳತಕ್ಕದ್ದು. ಹೀಗೆ ಓದಿಕೊಂಡ ಷರಾ ಗೌರವ ಫಲಕಕ್ಕೆ ಅಡ್ಡಿಯಾಗುವುದಿಲ್ಲ.

7. ಈ ತಿದ್ದುಪಡಿಯಿಂದ ಉಂಟಾಗುವ ಪರಿಣಾಮಗಳು:
(ಅ) ಅಂದು ಎಂಟಕ್ಕೆ ಕೆಲಸಕ್ಕೆ ಬಂದವರೆಲ್ಲ ಈಗ ಮಧ್ಯಾಹ್ನ ಎರಡಕ್ಕೆ ಬಂದಂತಾಗಿದೆ. ಅವರು ಅರ್ಧ ದಿನದ ರಜೆಯ ಅರ್ಜಿಯನ್ನು ಏಳು ದಿನದೊಳಗೆ ಸಲ್ಲಿಸುವುದು. ಮೃತರಿಗೆ ಹದಿನಾಲ್ಕು ದಿನ.
(ಆ) ಅಂದು ಹತ್ತು ಗಂಟೆಗೆ ಪುರಭವನದಲ್ಲಿ ಮದುವೆ ನೋಂದಾಯಿಸಿದ ದಂಪತಿ ಈಗ ಬೀಗ ಹಾಕಿದ ಕಟ್ಟಡದೊಳಗೆ ಮದುವೆಯಾದಂತಾಗಿದೆ. ಅವರು ಒಳಗೆ ಹೋದದ್ದು ಹೇಗೆಂದು ಯಾರೂ ಕೇಳತಕ್ಕದ್ದಲ್ಲ. ಅವರ ಏಳು ಮಕ್ಕಳಿಗೆ ಬಾಧಕವಿಲ್ಲ.

8. ಪುರಭವನದ ಚರಿತ್ರೆ ಹೇಳುವವರು ಷೆಲ್ಲಿನ ಸದ್ದನ್ನು ಬಾಯಿಂದ ಎರಡು ಸಲಕ್ಕಿಂತ ಹೆಚ್ಚು ಮಾಡಬಾರದು. ಛಾವಣಿಯ ತೂತು ಒಂದು ಮೊಳದವರೆಗೆ ಚರಿತ್ರೆ, ಅದಕ್ಕಿಂತ ಅಗಲವಾದರೆ ಸೋರಿಕೆ. ಸೋರಿಕೆಯನ್ನು ಕಾಮಗಾರಿ ಶಾಖೆಗೆ ವರದಿ ಮಾಡುವುದು. ಕೇಳುವವರು ಹುರಿದ ಸೆನೆನೆ ತಿನ್ನಬಹುದು, ಆದರೆ ಷೆಲ್ಲು ಬೀಳುವ ಘಟ್ಟದಲ್ಲಿ ಅಗಿಯಬಾರದು.

9. ಹಿತಾಸಕ್ತಿ ಇರುವ ಅಧಿಕಾರಿ ಇಂತಹ ಆದೇಶಕ್ಕೆ ಸಹಿ ಮಾಡುವಂತಿಲ್ಲ. ಕೆಳಗೆ ಸಹಿ ಮಾಡಿರುವವರು ಆಗ ಕಿರಿಯ ಗುಮಾಸ್ತರಾಗಿದ್ದು, ಮಲೇರಿಯಾದಿಂದ ಸದರಿ ಕಟ್ಟಡದ ನಾಲ್ಕನೇ ಹಾಸಿಗೆಯಲ್ಲಿದ್ದರು. ಏಳಲು ನಿರಾಕರಿಸಿದ್ದಕ್ಕೆ "ಜ್ವರ ಹೊರಗೂ ಬರತ್ತೆ, ಏಳೋ!" ಎಂಬ ಮೌಖಿಕ ಸೂಚನೆಯೊಂದಿಗೆ ಪೊರಕೆಯ ಎರಡು ಪೆಟ್ಟು ಪಡೆದಿರುತ್ತಾರೆ. ಉಪಾಧಿಕಾರಿಗಳು ಐದನೇ ಹಾಸಿಗೆಯವರು. ಲೆಕ್ಕಾಧಿಕಾರಿಗಳು ಆ ಶಾಲೆಯ ಎರಡನೇ ತರಗತಿಯವರು. ಬೆರಳಚ್ಚು ಕಲಿಯಲು ಬಂದಿರುವ ಹುಡುಗಿ ಮಿಡತೆ ಹುರಿಯುತ್ತಿದ್ದವರೊಬ್ಬರ ಮಗಳು, ಆ ಬಳಿಕ ಹುಟ್ಟಿದವರು. ಈ ವಿಷಯದಲ್ಲಿ ಹಿತಾಸಕ್ತಿಯಿಲ್ಲದ ಒಬ್ಬರನ್ನಾದರೂ ಹುಡುಕಲು ಮೂರು ವಾರ ಪ್ರಯತ್ನಿಸಲಾಯಿತು. ಊರಿನಲ್ಲಿ ಅಂಥವರು ಯಾರೂ ಇರುವುದಿಲ್ಲ.

(ಸಹಿ)
ಪಿ. ಕಲೊಕೊಲಾ
ಶಾಖಾಧಿಕಾರಿ, ನಾಲ್ಕನೇ ಹಾಸಿಗೆ

ಪ್ರತಿಗಳು:
1. ಗೌರವ ಫಲಕ ಬರೆಯುವವರಿಗೆ: ಶ್ರೀಮತಿಯವರ ಹೆಸರು ಮೊದಲ ಸಾಲಿನಲ್ಲಿರಲಿ.
2. ನದಿಯಾಚೆಯ ಫಿರಂಗಿ ದಳಕ್ಕೆ, ಮಾಹಿತಿಗಾಗಿ.
3. ದಿವಂಗತ ವಿಚಾರಣಾಧಿಕಾರಿಗಳಿಗೆ, ಮೂರನೇ ಜ್ಞಾಪನ.
4. ಶ್ರೀಮತಿ ಕೊಕುಹಿರ್ವಾ ಅವರಿಗೆ. ಅವರು ಕೂತಿರಲಿ, ಇಡೀ ಕಚೇರಿ ಎದ್ದು ನಿಂತು ಓದಿ ಹೇಳತಕ್ಕದ್ದು.